ನನ್ನ ಲುಂಗಿಯೂ ಜರ್ಮನಿಯ ವಿಜ್ಞಾನವೂ

ವಿಜ್ಞಾನಿಗಳ ಕೈಕೆಳಗೆ ಕೆಲಸ ಮಾಡುವವನಿಗೆ ನಗೆಪಾಟಲಿನ ಬರಗಾಲ ಎಂದೂ ಬರುವುದಿಲ್ಲ. ವಿಜ್ಞಾನಿಗಳು ಜರ್ಮನಿಯಲ್ಲಿದ್ದು, ಕೆಲಸ ಕುವೈತಿನಲ್ಲಿದ್ದು, ಮಾಡುವವನು ಗದಗಿನವನಾದರೆ ವಾರಕ್ಕೊಂದಾದರೂ ಪ್ರಸಂಗ ನಡೆದೇ ನಡೆಯುತ್ತದೆ. ಡೈರಿ ಬರೆಯುವ ಶಿಸ್ತು ನನ್ನ ವಂಶದಲ್ಲೇ ಇಲ್ಲ. ಆದರೆ ನಮ್ಮ ಸಂಸ್ಥೆಯವರು ಕೆಮ್ಮಿದರೂ ದಾಖಲೆ ಪುಸ್ತಕದಲ್ಲಿ ಬರೆಯಿರಿ ಎನ್ನುವ ಜನ. ಆ ಪುಸ್ತಕದ ಕೊನೆಯ ಹಾಳೆಗಳಲ್ಲಿ ನಾನು ಗೀಚಿಟ್ಟವು ಇವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ನಗುವಿನ ಅಡಿಯಲ್ಲಿ ವರ್ಷವಿಡೀ ಒಂದು ದಿಗಿಲು ಇತ್ತು. ಸಂಸ್ಥೆಯ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತಿತ್ತು. ಅದರ ಜೊತೆಗೇ ನನ್ನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿಯೂ. ಮಗಳು ಖೈತಾನಿನ ಭಾರತೀಯ ಶಾಲೆಯಲ್ಲಿ ಹನ್ನೆರಡನೇ ತರಗತಿ. ಅವಳ ಪರೀಕ್ಷೆ ಮುಗಿಯುವುದು ಮಾರ್ಚಿನಲ್ಲಿ. ನಡುವಿನ ಆ ಮೂರು ತಿಂಗಳು ನಾವು ಎಲ್ಲಿರಬೇಕು ಎಂಬುದು ನವೆಂಬರಿನಲ್ಲಿ ಜರ್ಮನಿಯಿಂದ ಬರುವ ಒಬ್ಬರ ಕೈಯಲ್ಲಿತ್ತು.

೧. ಮೊಸರಿನ ಶಾಸ್ತ್ರ

ನಮ್ಮ ಸಂಸ್ಥೆ ಅಧ್ಯಯನ ಮಾಡುವುದು ಮೆತ್ತನೆಯ ವಸ್ತುಗಳನ್ನು. ಪೂರ್ತಿ ಗಟ್ಟಿಯಲ್ಲ, ಪೂರ್ತಿ ನೀರಲ್ಲ, ಅಂಥವು. ನೊರೆ, ಅಂಟು, ಜೆಲ್ಲು, ಬೆಣ್ಣೆ, ಮೊಸರು. ಜೊತೆಗೆ ಎರಡು ವಸ್ತುಗಳು ಒಂದಕ್ಕೊಂದು ತಾಗುವ ಜಾಗದಲ್ಲಿ ಏನಾಗುತ್ತದೆ ಎಂಬುದನ್ನೂ ನೋಡುತ್ತಾರೆ: ಎಲೆಯ ಮೇಲಿನ ಹನಿ, ನೀರಿನ ಮೇಲಿನ ಎಣ್ಣೆ, ಗಾಜಿನ ಮೇಲಿನ ಧೂಳು. ಧೂಳು ಕೂರದಂಥ ಒಂದು ಲೇಪನವನ್ನು ಅವರು ಗಾಜಿಗಾಗಿ ಕಂಡುಹಿಡಿದಿದ್ದರು. ಪರೀಕ್ಷೆ ಮಾಡೋಣವೆಂದರೆ ಅವರ ಊರಿನಲ್ಲಿ ದಿನ ಬಿಟ್ಟು ದಿನ ಮಳೆ, ಧೂಳೇ ಇಲ್ಲ. ಭೂಪಟ ತೆಗೆದು ನೋಡಿದವರಿಗೆ ನಾವು ಕಂಡೆವು.

ಇಲ್ಲಿ ಕೆಲಸ ಮಾಡಲು ಕಫೀಲರು, ಅಂದರೆ ಜವಾಬ್ದಾರಿ ಹೊರುವ ಸ್ಥಳೀಯರೊಬ್ಬರು ಜೊತೆಗಿರಬೇಕು. ನಮ್ಮ ಕಫೀಲರದು ನಲ್ಲಿ ಮತ್ತು ವಾಶ್‌ಬೇಸಿನ್ ವ್ಯಾಪಾರ. ಕುವೈತ್ ನಗರದ ಮಿರ್ಕಾಬಿನಲ್ಲಿ ಅವರ ಷೋರೂಮು, ಷೋರೂಮಿನ ಹಿಂದಿನ ಕೋಣೆಯೇ ನಮ್ಮ ಪ್ರಯೋಗಾಲಯ, ಅದರಲ್ಲಿ ನಾನೊಬ್ಬನೇ ಸಿಬ್ಬಂದಿ. ನನ್ನ ಇಕಾಮಾದಲ್ಲಿ ವೃತ್ತಿಯ ಮುಂದೆ ನಲ್ಲಿ ಮಾರಾಟಗಾರ ಎಂದಿದೆ.

ಮೊದಲ ದಿನ ಸಂಸ್ಥೆಯ ವಿಜ್ಞಾನಿ ವೀಡಿಯೊದಲ್ಲಿ ಬಂದು ಅರ್ಧ ಗಂಟೆ ವಿವರಿಸಿದರು. ನಮ್ಮ ಮನೆಯಲ್ಲಿ ಅವರಿಗೆ ಡಾಕ್ಟರಮ್ಮ ಎಂದೇ ಹೆಸರು. ಮಾತು ಮುಗಿದ ಮೇಲೆ ಕಫೀಲರು ನನ್ನ ಕಡೆ ತಿರುಗಿದರು. ನನ್ನನ್ನು ಅವರು ಕರೆಯುವುದು ಮುಹಂದಿಸ್ ಎಂದು, ಅಂದರೆ ಇಂಜಿನಿಯರ್.

"ಮುಹಂದಿಸ್, ಇವರು ಮಾರೋದು ಏನನ್ನ?"

"ಏನೂ ಮಾರಲ್ಲ. ನೋಡ್ತಾರೆ ಅಷ್ಟೆ."

ಕಫೀಲರು ಯೋಚಿಸಿ ಹೇಳಿದರು, "ನೋಡಲಿ. ನನ್ನ ಷೋರೂಮಿಗೆ ಬರೋರೂ ಅದನ್ನೇ ಮಾಡೋದು."

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

"ಹಾಲು ಯಾವಾಗ ಮೊಸರಾಗ್ತೈತಿ ಅಂತ ತಿಳ್ಕೊಳ್ಳಾಕ ಪಿಎಚ್‌ಡಿ ಮಾಡ್ತಾರೇನ್ರಿ? ನಮ್ಮವ್ವ ಬೆರಳು ಅದ್ದಿ ಹೇಳ್ತಿದ್ಲು."

ಮುಂದಿನ ವೀಡಿಯೊ ಸಭೆಯಲ್ಲಿ ಇದನ್ನು ತಮಾಷೆಗೆಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ನಗಲಿಲ್ಲ. ಪೆನ್ನು ಕೈಗೆತ್ತಿಕೊಂಡು, "ಯಾವ ಬೆರಳು?" ಎಂದರು.

೨. ಎರಡೇ ಚೌಕಗಳ ಅರ್ಜಿ

ಒಮ್ಮೆ ಜರ್ಮನಿಯಿಂದ ಎರಡು ಬಾಟಲಿ ಜೆಲ್ಲು ಬಂತು. ಬಿಡಿಸಿಕೊಳ್ಳಲು ವಿಮಾನ ನಿಲ್ದಾಣದ ಸುಂಕದ ಕಟ್ಟೆಗೆ ಹೋದೆ. ಅರ್ಜಿಯಲ್ಲಿ ಎರಡೇ ಚೌಕ: ಘನ, ದ್ರವ. ಒಂದಕ್ಕೆ ಗುರುತು ಹಾಕಬೇಕು. ಅಧಿಕಾರಿ ಒಳ್ಳೆಯ ಮನುಷ್ಯ, ಕೈಯಲ್ಲಿ ಚಹಾದ ಲೋಟ.

"ಇದು ಘನವೋ ದ್ರವವೋ?"

"ಎರಡೂ ಅಲ್ಲ ಸರ್. ಎರಡೂ ಹೌದು."

ಅವರು ಲೋಟ ಕೆಳಗಿಟ್ಟರು. ನಾನು ಡಾಕ್ಟರಮ್ಮನಿಂದ ಕಲಿತ ಪಾಠ ಒಪ್ಪಿಸಿದೆ. ಸುಮ್ಮನಿದ್ದಾಗ ಗಟ್ಟಿ, ಅಲುಗಾಡಿಸಿದರೆ ಹರಿಯುತ್ತದೆ, ಬಿಟ್ಟರೆ ಮತ್ತೆ ಗಟ್ಟಿ. ಅವರಿಗೆ ನಂಬಿಕೆ ಬರಲಿಲ್ಲ. ಬಾಟಲಿಯನ್ನು ತಲೆಕೆಳಗು ಮಾಡಿದರು. ಒಳಗಿನದು ಮಿಸುಕಲಿಲ್ಲ. ಜೋರಾಗಿ ಅಲುಗಾಡಿಸಿದರು. ನೀರಿನ ಹಾಗೆ ಇಳಿಯಿತು. ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು, ಅವರು ಅದರಾಚೆಯವರನ್ನು ಕರೆದರು. ಹತ್ತು ನಿಮಿಷ ಆ ವಿಭಾಗದಲ್ಲಿ ಮೆತ್ತನೆಯ ವಸ್ತುಗಳ ಅಧ್ಯಯನ ಬಿಟ್ಟು ಬೇರೆ ಕೆಲಸ ನಡೆಯಲಿಲ್ಲ. ನನ್ನ ಹಿಂದೆ ಸರತಿಯಲ್ಲಿ ನಿಂತಿದ್ದವರೂ ಒಬ್ಬೊಬ್ಬರಾಗಿ ಅಲುಗಾಡಿಸಿ ನೋಡಿದರು.

ಕೊನೆಗೆ ಅಧಿಕಾರಿ ಬಾಟಲಿಯನ್ನು ಬೆಳಕಿಗೆ ಹಿಡಿದು ಹೇಳಿದರು, "ಮೇಲಿನವರು ಅಲುಗಾಡಿಸಿದರೆ ಹರಿಯುತ್ತೆ. ಬಿಟ್ಟರೆ ಮತ್ತೆ ಕಲ್ಲು. ಇದು ನಮ್ಮ ಮ್ಯಾನೇಜರು." ಎರಡೂ ಚೌಕಕ್ಕೆ ಗುರುತು ಹಾಕಿ ಠಸ್ಸೆ ಒತ್ತಿದರು.

೩. ನಾಳೆಯ ಕೋಷ್ಟಕ

ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲ. ನಡುವೆ ಸಾಬೂನು ಬಂದರೆ ಕೂಡಿದಂತೆ ಕಾಣುತ್ತವೆ, ಏಕೆಂದರೆ ಸಾಬೂನಿನ ಒಂದು ತುದಿ ನೀರಿನ ಪಕ್ಷ, ಇನ್ನೊಂದು ಎಣ್ಣೆಯ ಪಕ್ಷ. ಮಿರ್ಕಾಬಿನ ಕಚೇರಿಯಲ್ಲಿ ಆ ಸಾಬೂನು ನಾನು. ಆ ಕಡೆ ತಿರುಗಿ "ಯೆಸ್ ಡಾಕ್ಟರ್", ಈ ಕಡೆ ಕಫೀಲರತ್ತ ತಿರುಗಿ "ಐವಾ ಬಾಬಾ", ಅಂದರೆ ಹೌದು ಯಜಮಾನರೇ. ಸಾಬೂನು ಸವೆಯುವುದನ್ನು ಮಾತ್ರ ಎರಡೂ ಕಡೆಯವರು ಗಮನಿಸುವುದಿಲ್ಲ.

ಜಹ್ರಾದಲ್ಲಿ ಕಫೀಲರ ದೊಡ್ಡ ಮನೆ ಇದೆ. ಅಲ್ಲಿ ಗಾಜುಗಳನ್ನು ನಿಲ್ಲಿಸುವ ಮೊದಲು ಅಳತೆಯ ಪೆಟ್ಟಿಗೆಗೆ ಒಂದು ಕರೆಂಟಿನ ಪಾಯಿಂಟು ಬೇಕಿತ್ತು. ಕಫೀಲರು "ಬುಕ್ರಾ" ಎಂದರು, ಅಂದರೆ ನಾಳೆ. ನಾನು ವರದಿಯಲ್ಲಿ ನಾಳೆ ಎಂದು ಬರೆದೆ. ಮುಂದಿನ ವಾರವೂ ನಾಳೆ ಎಂದೇ ಬರೆದೆ. ಮೂರನೆಯ ವಾರ ಡಾಕ್ಟರಮ್ಮ ಬಹಳ ಸಮಾಧಾನದಿಂದ, "ನೀವು ಹೇಳುತ್ತಿರುವುದು ಯಾವ ನಾಳೆ?" ಎಂದು ಕೇಳಿದರು.

ರೇಗಿಹೋಗಿ ಒಂದು ಕೋಷ್ಟಕ ಮಾಡಿ ಕಳಿಸಿದೆ. ಒಂದನೆಯ ಸಾಲು: ಚಹಾ ಕುಡಿಯುತ್ತಾ ಹೇಳಿದ ನಾಳೆ, ನಾಲ್ಕು ದಿನ. ಎರಡನೆಯ ಸಾಲು: ಫೋನು ನೋಡುತ್ತಾ ಹೇಳಿದ ನಾಳೆ, ಎರಡು ವಾರ. ಮೂರನೆಯ ಸಾಲು: ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡದ್ದು, ಆಗುವುದಿಲ್ಲ, ಆದರೆ ಅವರಿಗೆ ನಿಮ್ಮ ಮೇಲೆ ಪ್ರೀತಿಯಿದೆ. ಪಕ್ಷಪಾತ ಬೇಡವೆಂದು ನಮ್ಮ ಗದಗಿನ "ಮಾಡೂಣಂತ" ಕೂಡ ಸೇರಿಸಿದ್ದೆ. ಅದರ ಮುಂದೆ ಅವಧಿಯ ಜಾಗ ಖಾಲಿ ಬಿಟ್ಟಿದ್ದೆ.

ಡಾಕ್ಟರಮ್ಮನಿಗೆ ತಮಾಷೆ ತಿಳಿಯುವುದಿಲ್ಲ ಎಂಬುದು ಮರೆತಿತ್ತು. ಅವರು ಆ ಕೋಷ್ಟಕವನ್ನು ಯೋಜನೆಯ ಕಾಗದಪತ್ರದ ಅನುಬಂಧಕ್ಕೆ ಸೇರಿಸಿಬಿಟ್ಟರು. ಸಹಿಗಾಗಿ ಅದರ ಪ್ರತಿ ನೇರವಾಗಿ ಕಫೀಲರ ಮೇಜಿಗೆ ಬಂತು. ಅವರು ಸಾಲುಸಾಲಾಗಿ ಓದಿದರು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದೆ.

"ಎರಡನೆಯದು ತಪ್ಪು" ಎಂದರು ಕಫೀಲರು. "ಫೋನು ನೋಡ್ತಾ ಹೇಳಿದ್ರೆ ಎರಡು ವಾರ ಅಲ್ಲ, ಮೂರು. ತಿದ್ದು."

"ತಿದ್ದುತ್ತೇನೆ ಬಾಬಾ. ಸಹಿ?"

ಅವರು ಫೋನು ಎತ್ತಿಕೊಂಡು ಅದನ್ನೇ ನೋಡುತ್ತಾ, "ಬುಕ್ರಾ" ಎಂದರು.

೪. ಲುಂಗಿಯ ಅಂತಿಮಯಾತ್ರೆ

ಹನ್ನೆರಡು ವರ್ಷದ ಹಿಂದೆ ಕುವೈತಿಗೆ ಹೊರಡುವಾಗ ಗದಗಿನ ಪೇಟೆಯಲ್ಲಿ ಒಂದು ಲುಂಗಿ ಕೊಂಡಿದ್ದೆ. ನೀಲಿ ಚೌಕಡಿಯದು. ಒಗೆದು ಒಗೆದು ಅದು ಎಷ್ಟು ಮೆತ್ತಗಾಗಿತ್ತೆಂದರೆ, ಉಟ್ಟಿದ್ದೇನೋ ಇಲ್ಲವೋ ಎಂದು ಆಗಾಗ ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕಿತ್ತು. ಇಡೀ ದಿನ ಪ್ಯಾಂಟಿನಲ್ಲಿ ಬೆಂದು ಬಂದವನಿಗೆ ಅದು ಸ್ವರ್ಗ. ಹೆಂಡತಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಇದರಾಗಿಂದ ಎದುರಿನ ಬಿಲ್ಡಿಂಗ್ ಕಾಣ್ತೈತ್ರಿ" ಎನ್ನುತ್ತಿದ್ದಳು.

ಒಂದು ಶುಕ್ರವಾರ ಪರಿಚಯದ ಬ್ಯಾಂಕ್ ಅಧಿಕಾರಿಯೊಬ್ಬರು ಹೆಂಡತಿ ಸಮೇತ ಬಂದರು. ಮೈಸೂರಿನವರು. ಇಸ್ತ್ರಿ ಮಾಡದ ಕರವಸ್ತ್ರವನ್ನು ಜೇಬಿಗಿಡುವವರಲ್ಲ. ಬರುವುದನ್ನು ಅವರು ತಿಳಿಸಿದ್ದು ನಮ್ಮ ಕಟ್ಟಡದ ಲಿಫ್ಟಿನೊಳಗಿಂದ. ಬಾಗಿಲು ತೆರೆದವನು ನಾನು, ಲುಂಗಿಯಲ್ಲಿ. ಅವರು ನನ್ನ ಮುಖ ನೋಡಿದರು, ಆಮೇಲೆ ಕೆಳಗೆ ನೋಡಿದರು, ಆಮೇಲೆ ಸಭ್ಯತೆಯಿಂದ ಗೋಡೆಯ ಗಡಿಯಾರ ನೋಡಿದರು. ನಾನು ಒಳಗೆ ಓಡಿ ಪ್ಯಾಂಟು ಹಾಕಿಕೊಂಡು ಬಂದೆ.

"ಏನ್ ಸಾರ್, ಇನ್ನೂ ಅದೇ ಧೂಳು ನೋಡೋ ಕೆಲ್ಸಾನಾ?" ಎಂದರು, ಚಕ್ಕುಲಿ ಮುರಿಯುತ್ತಾ. "ನಮ್ಮೋರು ಇಲ್ಲಿ ಎಣ್ಣೆ ನೋಡ್ಕೊಳ್ಳಕ್ಕೆ ಬರ್ತಾರೆ, ಬ್ಯಾಂಕ್ ನೋಡ್ಕೊಳ್ಳಕ್ಕೆ ಬರ್ತಾರೆ. ಧೂಳು ನೋಡಕ್ಕೆ ಬಂದೋರು ನೀವೊಬ್ರೇ."

ಹೆಂಡತಿ ನಕ್ಕಳು. ಆ ನಗುವಿನ ಬೆಲೆ ನನಗೆ ಮರುದಿನ ತಿಳಿಯಿತು. ಲುಂಗಿ ಇರಲಿಲ್ಲ.

"ಹಳೇ ಬಟ್ಟಿ ಗಂಟಿನಾಗ ಹಾಕಿ ಕಳಿಸೀನ್ರಿ. ಜಹ್ರಾದ ಹಾರಿಸ್‌ಗೆ" ಎಂದಳು. ಹಾರಿಸ್ ಅಂದರೆ ಕಫೀಲರ ಮನೆಯ ಕಾವಲುಗಾರ, ಬಾಂಗ್ಲಾದೇಶದ ಹಿರಿಯ ಮನುಷ್ಯ.

"ಯಾರ ಕೈಯಾಗ ಕಳಿಸ್ದಿ?"

"ನಿಮ್ಮ ಕೈಯಾಗ. ಇವತ್ತ ಮುಂಜಾನೆ ಒಂದ್ ಚೀಲ ಕೊಟ್ನಲ್ಲ, ಅದರಾಗ."

ನನ್ನ ಲುಂಗಿಯ ಅಂತಿಮಯಾತ್ರೆಗೆ ನಾನೇ ಹೆಗಲು ಕೊಟ್ಟಿದ್ದೆ. ನೋಡಿಕೊಂಡು ಅಳುವ ಅವಕಾಶವೂ ಸಿಗಲಿಲ್ಲ.

೫. ಧೂಳಿಗೊಂದು ಅಭಿನಂದನೆ

ಅಂತೂ ಕರೆಂಟಿನ ಪಾಯಿಂಟು ಬಂದು, ಅದೇ ವಾರ ಜಹ್ರಾದಲ್ಲಿ ಗಾಜುಗಳನ್ನು ನಿಲ್ಲಿಸಿದೆವು. ಕಾರು ನಿಲ್ಲಿಸುವ ಶೆಡ್ಡಿನ ತಾರಸಿಯ ಮೇಲೆ ಎರಡು ಸಾಲು. ಮುಂದಿನ ಸಾಲಿನ ಗಾಜಿಗೆ ಜರ್ಮನಿಯ ಲೇಪನ, ಹಿಂದಿನ ಸಾಲು ಬರೀ ಗಾಜು. ಎರಡನ್ನೂ ಯಾರೂ ಮುಟ್ಟಬಾರದು, ತೊಳೆಯಬಾರದು. ವಾರಕ್ಕೆರಡು ಬಾರಿ ಹತ್ತು ಗಂಟೆಗೆ ನಾನು ಹೋಗಿ, ಎಷ್ಟು ಬೆಳಕು ಗಾಜನ್ನು ದಾಟುತ್ತದೆ ಎಂದು ಅಳೆದು ಬರೆದುಕೊಂಡು ಬರಬೇಕು. ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಮುಟ್ಟಬೇಡಿ ಎಂಬ ದೊಡ್ಡ ಫಲಕ ಹಾಕಿದೆ.

ಧೂಳಿನ ಬಿರುಗಾಳಿ ಎದ್ದ ದಿನ ಇಡೀ ಕುವೈತು ಕಿಟಕಿಯ ಸಂದಿಗೆ ಒದ್ದೆ ಟವೆಲು ತುರುಕಿ ಒಳಗೆ ಕೂರುತ್ತದೆ. ಅಂಥ ಒಂದು ದಿನ ಆಕಾಶವೆಲ್ಲ ಕಿತ್ತಳೆ ಬಣ್ಣ, ಶಾಲೆಗೆ ರಜೆ. ಡಾಕ್ಟರಮ್ಮನ ಫೋನು ಬಂತು. ಹವಾಮಾನದ ನಕ್ಷೆ ನೋಡಿದ್ದರಂತೆ. "ಹಾರ್ದಿಕ ಅಭಿನಂದನೆಗಳು" ಎಂದರು. ನಾನೂ ಸಂತೋಷದಿಂದ ಥ್ಯಾಂಕ್ಸ್ ಹೇಳಿದೆ. ಮಗಳು ಪುಸ್ತಕದಿಂದ ತಲೆಯೆತ್ತಿ, "ಅಪ್ಪಾ, ಅದರ್ ಪೀಪಲ್ ಗೆಟ್ ಕಂಗ್ರಾಟ್ಸ್ ಫಾರ್ ಗುಡ್ ಥಿಂಗ್ಸ್" ಎಂದಳು.

ಆದರೆ ಫಲಿತಾಂಶ ಮಾತ್ರ ಅದ್ಭುತ. ಎಂಥ ಬಿರುಗಾಳಿಯಾದರೂ ಮುಂದಿನ ಸಾಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಂದಿನ ಸಾಲಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ತಿಂಗಳುಗಳು ಉರುಳಿದಂತೆ ಡಾಕ್ಟರಮ್ಮನ ಪತ್ರಗಳು ಬೆಚ್ಚಗಾಗುತ್ತಾ ಹೋದವು. ನವೆಂಬರಿನಲ್ಲಿ ತಾವೇ ಬರುವುದಾಗಿಯೂ, ಮುಂದಿನ ಸಾಲು ಹೀಗೇ ಇದ್ದರೆ ಇನ್ನೂ ಮೂರು ವರ್ಷ ಪ್ರಯೋಗಾಲಯ ನಡೆಸುವುದು ಖಂಡಿತವೆಂದೂ ಬರೆದರು. ಆ ಪತ್ರ ಓದಿ ನಾನೂ ಹೆಂಡತಿಯೂ ಬಹಳ ದಿನದ ಮೇಲೆ ನಿರಾಳವಾಗಿ ಊಟ ಮಾಡಿದೆವು. ದೇವರ ಪಟಗಳ ಪಕ್ಕದಲ್ಲಿ ಆ ಗಾಜಿನದೊಂದು ಫೋಟೊ ಇಡುವುದಷ್ಟೇ ಬಾಕಿ ಇತ್ತು.

೬. ಕಾಣದ್ದನ್ನು ಯಾರು ಒರೆಸುತ್ತಾರೆ

ಡಾಕ್ಟರಮ್ಮ ಬರುವ ಮುಂಚಿನ ಶುಕ್ರವಾರ. ಎಲ್ಲ ಸರಿಯಿದೆಯೇ ನೋಡಿಬಿಡೋಣವೆಂದು ಎಂದೂ ಇಲ್ಲದ ಹಾಗೆ ಬೆಳಗಿನ ಆರು ಗಂಟೆಗೇ ಜಹ್ರಾಕ್ಕೆ ಹೋದೆ. ಶೆಡ್ಡಿನ ಮೇಲೆ ಹಾರಿಸ್ ನಿಂತಿದ್ದರು. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ನೀಲಿ ಚೌಕಡಿಯ ಬಟ್ಟೆ. ಮುಂದಿನ ಸಾಲಿನ ಗಾಜನ್ನು ಮೇಲಿಂದ ಕೆಳಗೆ ನಿಧಾನವಾಗಿ ಒರೆಸುತ್ತಿದ್ದರು. ಮೊದಲು ನಾನು ಗುರುತಿಸಿದ್ದು ಲುಂಗಿಯನ್ನು. ಅನಾಹುತ ಅರ್ಥವಾದದ್ದು ಆಮೇಲೆ.

"ಭಾಯಿ, ಏನು ಮಾಡ್ತಾ ಇದ್ದೀರಿ?" ನಮ್ಮಿಬ್ಬರ ಮಾತು ಹಿಂದಿಯಲ್ಲಿ.

"ಒರೆಸ್ತಾ ಇದ್ದೀನಿ."

"ಯಾವಾಗಿನಿಂದ?"

"ನೀವು ಗಾಜು ನಿಲ್ಲಿಸಿದ ಮರುದಿನದಿಂದ. ಹದಿನಾಲ್ಕು ತಿಂಗಳಾಯ್ತು."

"ಮುಟ್ಟಬೇಡಿ ಅಂತ ಬೋರ್ಡು ಹಾಕಿದ್ದೀನಲ್ಲ?"

"ಆ ಬೋರ್ಡನ್ನೂ ದಿನಾ ಒರೆಸ್ತೀನಿ ಭಾಯಿ" ಎಂದರು. ಅವರಿಗೆ ಇಂಗ್ಲಿಷೂ ಅರಬ್ಬಿಯೂ ಓದಲು ಬರುವುದಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಹಂಗಾದ್ರೆ ಹಿಂದಿನ ಸಾಲು ಯಾಕೆ ಒರೆಸಿಲ್ಲ?"

ಅವರು ಎದುರಿನ ದಿವಾನಿಯಾ ತೋರಿಸಿದರು, ಕಫೀಲರು ಸ್ನೇಹಿತರ ಜೊತೆ ಸಂಜೆ ಕೂರುವ ಹಜಾರ. "ಅಲ್ಲಿ ಕೂತವರಿಗೆ ಮುಂದಿನ ಸಾಲು ಮಾತ್ರ ಕಾಣೋದು. ಅದು ಕೊಳೆಯಾಗಿದ್ರೆ ಬಾಬಾರ ಮರ್ಯಾದೆ ಏನಾಗಬೇಕು? ಹಿಂದಿಂದು ಯಾರಿಗೂ ಕಾಣಲ್ಲ. ಕಾಣದ್ದನ್ನ ಯಾಕೆ ಒರೆಸಬೇಕು?"

ಇಪ್ಪತ್ತು ವರ್ಷದಿಂದ ನಾನು ನೋಡಿದ ಕಚೇರಿಗಳೆಲ್ಲ ನಡೆದಿರುವುದು ಇದೇ ನಿಯಮದ ಮೇಲೆ.

ಮನೆಗೆ ಬಂದು ಹೇಳಿದೆ. ನಿಜ ಹೇಳಬೇಕೆಂದರೆ ನಾಚಿಕೆಯಾಗುತ್ತಿತ್ತು, ಹದಿನಾಲ್ಕು ತಿಂಗಳು ಮೂಗಿನ ಮುಂದೆ ನಡೆದದ್ದು ಕಾಣಲಿಲ್ಲವಲ್ಲ ಎಂದು.

"ಮಾರ್ಚ್ ತನಕ ಬಾಯಿ ಮುಚ್ಕೊಂಡು ಇರಾಕ ಬರಂಗಿಲ್ಲೇನ್ರಿ?" ಎಂದಳು ಹೆಂಡತಿ.

ಮಗಳು ತಲೆ ಎತ್ತದೆಯೇ ಹೇಳಿದಳು, "ಅಮ್ಮಾ, ದಟ್ಸ್ ಫ್ರಾಡ್."

"ನಿನ್ನ ಪರೀಕ್ಷಿ ಸಲುವಾಗೇ ಹೇಳಾಕತ್ತೀನವಾ."

"ಐ ನೋ. ಸ್ಟಿಲ್ ಫ್ರಾಡ್."

ಹೆಂಡತಿ ಮಗಳ ಮುಂದೆ ಹಾಲಿನ ಲೋಟ ಇಟ್ಟು ಹೇಳಿದಳು, "ಹೇಳಿಬಿಡ್ರಿ. ಹೊಲಸ ಒರಸಿದ್ದು ಕಳವೇನಲ್ಲ."

ಹಾರಿಸ್‌ಗೆ ಫೋನು ಮಾಡದೆ ಮರುದಿನ ಖುದ್ದಾಗಿ ಹೋಗಿ, ಡಾಕ್ಟರಮ್ಮ ಬಂದು ಹೋಗುವವರೆಗೆ ಯಾವ ಗಾಜನ್ನೂ ಒರೆಸಬೇಡಿ ಎಂದು ಕೇಳಿಕೊಂಡೆ. ಅವರು ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡರು. ನಾನೇ ಬರೆದ ಕೋಷ್ಟಕದ ಮೂರನೆಯ ಸಾಲು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

೭. ಡಾಕ್ಟರಮ್ಮ ಬಂದರು

ವಿಮಾನ ನಿಲ್ದಾಣದಿಂದ ಜಹ್ರಾದವರೆಗೆ ಕಾರಿನಲ್ಲಿ ಮೂರು ಸಲ ಬಾಯಿ ತೆರೆದೆ. ಮೊದಲ ಸಲ ಅವರು ಮನೆಯವರೆಲ್ಲ ಹೇಗಿದ್ದಾರೆ ಎಂದರು. ಎರಡನೆಯ ಸಲ ಮಗಳ ಪರೀಕ್ಷೆಯನ್ನು ನೆನಪಿಟ್ಟು ವಿಚಾರಿಸಿದರು. ಮೂರನೆಯ ಸಲ, "ನಮ್ಮ ಸಂಸ್ಥೆಯಲ್ಲೇ ಇಷ್ಟು ಸ್ಪಷ್ಟವಾದ ಫಲಿತಾಂಶ ಯಾರದೂ ಇಲ್ಲ" ಎಂದರು. ಒಳ್ಳೆಯ ಮಾತು ಆಡುವವರಿಗೆ ಕೆಟ್ಟ ಸುದ್ದಿ ಹೇಳುವುದು ಬಹಳ ಕಷ್ಟ. ಹಾಳಾಗಲಿ, ಗಾಜಿನ ಮುಂದೆ ನಿಂತೇ ಹೇಳುತ್ತೇನೆ ಎಂದುಕೊಂಡೆ.

ಶೆಡ್ಡಿನ ತಾರಸಿ ಹತ್ತಿ ಗಾಜಿನ ಮುಂದೆ ನಿಂತೆವು. ಮುಂದಿನ ಸಾಲು ಹೊಳೆಯುತ್ತಿತ್ತು. ಹಿಂದಿನ ಸಾಲೂ ಹೊಳೆಯುತ್ತಿತ್ತು. ಫಲಕ, ಕಂಬ, ಅಳತೆಯ ಪೆಟ್ಟಿಗೆ ಎಲ್ಲ ಮದುವೆಮನೆಯ ಪಾತ್ರೆಗಳಂತೆ ಥಳಥಳಿಸುತ್ತಿದ್ದವು.

"ಇದು ಲೇಪನ ಇಲ್ಲದ ಸಾಲು ಅಲ್ಲವೇ?" ಡಾಕ್ಟರಮ್ಮ ಹಿಂದಿನ ಗಾಜಿನಲ್ಲಿ ತಮ್ಮ ಮುಖವನ್ನೇ ನೋಡುತ್ತಾ ಕೇಳಿದರು.

"ಡಾಕ್ಟರ್, ನಿಮಗೆ ಒಂದು ವಿಷಯ ಹೇಳಬೇಕು" ಎಂದೆ.

ಅಷ್ಟರಲ್ಲಿ ಕಫೀಲರು ಕಾಫಿಯ ತಟ್ಟೆ ಹಿಡಿಸಿಕೊಂಡು ಬಂದರು. ಮುಖದಲ್ಲಿ ಗೃಹಸ್ಥನ ಹೆಮ್ಮೆ. "ನಿಮ್ಮ ಗೌರವಕ್ಕೆ ಇವತ್ತು ಎಲ್ಲಾನೂ ಒರೆಸಿದ್ದೇವೆ. ಬೇರೆ ದಿನ ಮುಂದಿನದು ಮಾತ್ರ ಒರೆಸೋದು."

ನನ್ನ ಹದಿನಾಲ್ಕು ತಿಂಗಳು, ಇಕಾಮಾ, ಮಗಳ ಪರೀಕ್ಷೆ, ಎಲ್ಲ ಅಲ್ಲೇ ಖಲಾಸ್. ನನಗೆ ತಿಳಿದದ್ದು ಮೊನ್ನೆ ಶುಕ್ರವಾರ, ಕಾರಿನಲ್ಲೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ ಎಂದು ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ. ಡಾಕ್ಟರಮ್ಮ ನನ್ನ ಕಡೆ ನೋಡಲಿಲ್ಲ. ಕುರ್ಚಿ ಕೇಳಿದರು. ಕೂತರು. ಚೀಲದಿಂದ ಪುಸ್ತಕ ತೆಗೆದು, ಹಾರಿಸ್‌ರನ್ನು ಕರೆಯಿರಿ ಎಂದರು. ನಾನು ನಡುವೆ ನಿಂತು ಹಿಂದಿಗೂ ಇಂಗ್ಲಿಷಿಗೂ ತಿರುಗಿಸಿದೆ.

"ದಿನಾ ಎಷ್ಟು ಗಂಟೆಗೆ?"

"ಬೆಳಗಿನ ನಮಾಜು ಆದ ಮೇಲೆ ನಾಲ್ಕು ಕಾರು. ಆಮೇಲೆ ಗಾಜು."

"ಎಷ್ಟು ದಿನ ತಪ್ಪಿದೆ?"

"ಯಾಕೆ ತಪ್ಪಬೇಕು?"

"ಈದ್ ಹಬ್ಬದಲ್ಲಿ?"

"ಹಬ್ಬದಲ್ಲೇ ಅಲ್ವೇ ಜನ ಹೆಚ್ಚು ಬರೋದು?"

"ನೀರು?"

"ಏಸಿಯಿಂದ ತೊಟ್ಟಿಕ್ಕೋ ನೀರು. ಒಂದು ಗಾಜಿಗೆ ಅರ್ಧ ಮಗ್ಗು. ನಲ್ಲಿ ನೀರಾದ್ರೆ ಕಲೆ ಉಳಿಯುತ್ತೆ."

ಡಾಕ್ಟರಮ್ಮನ ಪೆನ್ನು ಒಂದು ಕ್ಷಣ ನಿಂತಿತು. ಉಪ್ಪಿಲ್ಲದ ನೀರು ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದರು.

"ಒಂದು ಗಾಜಿಗೆ ಎಷ್ಟು ಸಲ ಕೈಯಾಡಿಸುತ್ತೀರಿ?"

"ಮೂವತ್ತಮೂರು. ದೇವರ ನಾಮ ಹೇಳ್ಕೊಂಡು ಒರೆಸ್ತೀನಿ. ಲೆಕ್ಕ ತಪ್ಪಲ್ಲ."

"ಬಟ್ಟೆ?"

"ಮೊದಲಿಂದ ಇದೊಂದೇ. ಬೇರೆ ಬಟ್ಟೆಯಿಂದ ಒರೆಸಿದ್ರೆ ಸಂಜೆಗೇ ಧೂಳು ಕೂರುತ್ತೆ. ಇದರಿಂದ ಒರೆಸಿದ್ರೆ ಮರುದಿನದವರೆಗೂ ತಡೆಯುತ್ತೆ. ಇದು ಯಾವ ಬಟ್ಟೆಯೋ ಗೊತ್ತಿಲ್ಲ, ಇಂಜಿನಿಯರ್ ಭಾಯಿ ಕೊಟ್ಟಿದ್ದು."

ಇದನ್ನು ಅನುವಾದ ಮಾಡಿ, ಅದು ಗದಗಿನ ಪೇಟೆಯಲ್ಲಿ ಕೊಂಡು ವರ್ಷಗಟ್ಟಲೆ ನಾನೇ ಉಟ್ಟ ಲುಂಗಿ ಎಂದೂ ಒಪ್ಪಿಕೊಂಡೆ. ಡಾಕ್ಟರಮ್ಮ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು.

"ನಿಮ್ಮ ದಾಖಲೆಯಲ್ಲಿ ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಅಳತೆ ಬಿಟ್ಟುಹೋಗಿವೆ" ಎಂದರು. "ಇವರದು ಒಂದು ದಿನವೂ ಬಿಟ್ಟಿಲ್ಲ."

ಆಮೇಲೆ ಕೈಗವಸು ಹಾಕಿಕೊಂಡು, ಚಿಮುಟದಿಂದ ಲುಂಗಿಯನ್ನು ಎತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿ, ಮೇಲೆ ಚೀಟಿ ಅಂಟಿಸಿದರು. ಮೂರು ವರ್ಷದಿಂದ ಅವರ ಸಂಸ್ಥೆಯಲ್ಲಿ ದುಡಿದ ನಾನು ಇನ್ನೂ ಜರ್ಮನಿ ನೋಡಿಲ್ಲ. ನನ್ನ ಲುಂಗಿ ಹೋಯಿತು, ಅದೂ ವಿಮಾನದಲ್ಲಿ ಅವರ ಪಕ್ಕದಲ್ಲೇ.

೮. ನಾಲ್ಕು ಗಂಟೆಯ ನಿಯಮ

ಮೂರು ವಾರ ಸುದ್ದಿಯಿಲ್ಲ. ಹೆಂಡತಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತರತೊಡಗಿದಳು. ಮಗಳು ಎರಡು ಪೆಟ್ಟಿಗೆ ಜೋಡಿಸಿ ಓದುವ ಮೇಜು ಮಾಡಿಕೊಂಡಳು.

ನಾಲ್ಕನೆಯ ವಾರ ಪತ್ರ ಬಂತು. ಬೇರೆ ಬಟ್ಟೆಯಿಂದ ಒರೆಸಿದರೆ ಸಂಜೆಗೇ ಧೂಳು ಕೂರುವುದರಿಂದ ಲೇಪನದಿಂದ ಯಾವ ಉಪಯೋಗವೂ ಇಲ್ಲವೆಂದು ತಿಳಿದಿದೆ, ಪ್ರಕಟಣೆಗೆ ಕಳಿಸಿದ್ದ ಲೇಖನವನ್ನು ವಾಪಸು ಪಡೆದಿದ್ದೇವೆ ಎಂಬುದು ಮೊದಲ ಪ್ಯಾರಾ. ಅಲ್ಲಿಗೇ ಓದು ನಿಲ್ಲಿಸಿ ನೀರು ಕುಡಿದು ಬಂದೆ. ಎರಡನೆಯ ಪ್ಯಾರಾ ಹೀಗಿತ್ತು: ಬಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇವೆ. ವರ್ಷಗಟ್ಟಲೆ ಉಟ್ಟು, ಒಗೆದು, ಕೂತು, ಎದ್ದು ಅದರ ನೂಲಿನ ತುದಿಗಳು ಸವೆದಿರುವ ರೀತಿ ಯಾವ ಯಂತ್ರದಿಂದಲೂ ಸಾಧ್ಯವಿಲ್ಲ. ಗಾಜು ಮತ್ತು ಈ ಬಟ್ಟೆಯ ನಡುವೆ ಏನು ನಡೆಯುತ್ತದೆ ಎಂಬುದನ್ನು ಮೂರು ವರ್ಷ ಅಧ್ಯಯನ ಮಾಡಲು ಸಂಸ್ಥೆ ನಿರ್ಧರಿಸಿದೆ. ಹಾರಿಸ್ ಅವರು ಯೋಜನೆಯ ಹಿರಿಯ ತಂತ್ರಜ್ಞರು. ತಾವು ಅವರಿಗೆ ಸಹಾಯಕರು.

ಕಫೀಲರು ಆ ಕಾಗದಕ್ಕೆ ಅಂದೇ ಸಹಿ ಹಾಕಿದರು. ಅವರ ಮನೆಯ ಹಾರಿಸ್‌ಗೆ ಜರ್ಮನಿಯಿಂದ ಪದವಿ ಬಂದ ಸುದ್ದಿ ದಿವಾನಿಯಾಕ್ಕೆ ಸಂಜೆಯೊಳಗೆ ಮುಟ್ಟಬೇಕಿತ್ತು. ಡಿಸೆಂಬರ್ ಮುಗಿಯುವ ಮೊದಲು ನನ್ನ ಇಕಾಮಾ ಹೊಸದಾಯಿತು. ವೃತ್ತಿ ಈಗಲೂ ನಲ್ಲಿ ಮಾರಾಟಗಾರ. ಹೆಂಡತಿ ಆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಅತ್ತಳು, ನಾನೂ ಅತ್ತೆ. ಪೆಟ್ಟಿಗೆ ಮಾತ್ರ ಬಿಸಾಡಬೇಡಿ, ಮೇಜು ಹೋಗುತ್ತದೆ ಎಂದು ಮಗಳು ಇಂಗ್ಲಿಷಿನಲ್ಲಿ ಕೂಗಿದಳು.

ಪತ್ರಕ್ಕೆ ಮೂರನೆಯ ಪ್ಯಾರಾ ಒಂದಿತ್ತು. ಪ್ರಯೋಗಕ್ಕೆ ಅದೇ ಗುಣದ ಇನ್ನೂ ಆರು ಬಟ್ಟೆಗಳು ಬೇಕು. ಅವು ಅಂಗಡಿಯಲ್ಲಿ ಸಿಗುವುದಿಲ್ಲ, ತಯಾರಾಗಬೇಕು. ಆದ್ದರಿಂದ ತಾವು ಗದಗಿನ ಅದೇ ಪೇಟೆಯಿಂದ ಅದೇ ನೀಲಿ ಚೌಕಡಿಯ ಆರು ಲುಂಗಿ ತರಿಸಿಕೊಂಡು, ಸರದಿಯ ಪ್ರಕಾರ ದಿನಕ್ಕೆ ನಾಲ್ಕು ಗಂಟೆ ಉಡಬೇಕು. ಕೂರುವ ಸೋಫಾ ಬದಲಾಯಿಸಬಾರದು. ಒಗೆಯುವ ಸಾಬೂನು ಬದಲಾಯಿಸಬಾರದು. ಉಟ್ಟ ಹೊತ್ತು, ಬಿಚ್ಚಿದ ಹೊತ್ತು ದಾಖಲೆ ಪುಸ್ತಕದಲ್ಲಿ ಇರಬೇಕು. ಮನೆಯವರೊಬ್ಬರು ಸಾಕ್ಷಿ ಸಹಿ ಹಾಕಬೇಕು. ನಡುವೆ ಎದ್ದು ಬಟ್ಟೆ ಬದಲಾಯಿಸಿದರೆ ಆ ದಿನ ಲೆಕ್ಕಕ್ಕಿಲ್ಲ. ಈ ಬಾರಿ ಒಂದು ದಿನವೂ ಬಿಟ್ಟುಹೋಗಬಾರದು.

ಕಳೆದ ಶುಕ್ರವಾರ ಫೋನು ಬಂತು, ಲಿಫ್ಟಿನೊಳಗಿಂದ. ಮೈಸೂರಿನ ಬ್ಯಾಂಕ್ ಅಧಿಕಾರಿ, ಹೆಂಡತಿ ಸಮೇತ. ನಾನು ಅಭ್ಯಾಸಬಲದಿಂದ ಪ್ಯಾಂಟಿಗಾಗಿ ಎದ್ದೆ. ಹೆಂಡತಿ ಅಡುಗೆಮನೆಯಿಂದ ಬಂದು ದಾರಿಗೆ ಅಡ್ಡ ನಿಂತಳು.

"ಕೂಡ್ರಿ ಅಲ್ಲೇ. ಇನ್ನ ನಲವತ್ತ ನಿಮಿಷ ಐತಿ."

"ಅವರು ಬಾಗಿಲಿಗೆ ಬಂದಾರ."

"ಯಾರರ ಬರಲಿ. ಮಾರ್ಚ್ ಆಗೂ ತನಕ ಆ ಲುಂಗಿ ಬಿಚ್ಚೀರಿ ಅಂದ್ರ ನೋಡ್ರಿ."

ನಾನು ಅದೇ ಸೋಫಾದ ಅದೇ ಮೂಲೆಯಲ್ಲಿ ಕೂತೆ. ಬಾಗಿಲು ತೆರೆದವಳು ಮಗಳು, ಕೈಯಲ್ಲಿ ಸಾಕ್ಷಿ ಸಹಿಯ ಪುಸ್ತಕ. ಬ್ಯಾಂಕ್ ಅಧಿಕಾರಿ ಒಳಗೆ ಬಂದರು. ನನ್ನ ಮುಖ ನೋಡಿದರು, ಕೆಳಗೆ ನೋಡಿದರು, ಗಡಿಯಾರ ನೋಡಿದರು.

"ಏನ್ ಸಾರ್" ಎಂದರು, "ರಜಾ ದಿನ ಅಂತ ಆರಾಮಾನಾ?"

ಹೆಂಡತಿ ಅವರ ಮುಂದೆ ಚಕ್ಕುಲಿಯ ತಟ್ಟೆ ಇಟ್ಟಳು.

"ಇಲ್ರಿ" ಎಂದಳು. "ಡ್ಯೂಟಿ ಮ್ಯಾಲ ಅದಾರ."